ಸೂಪರ್ ಮೆಟ್ರಾಯ್ಡ್ 100% ಓಟ: 99ಕ್ಕೆ ನಿಂತಿತು, ಒಂದು ಮಿಸೈಲ್ ಎಲ್ಲಿ ಬಿಟ್ಟೆ?

#1 ಬೆಣ್ಣೆದೋಸೆ
ಇವತ್ತು ರಾತ್ರಿ ಊಟ ಸೇರಲಿಲ್ಲ. ಕಾರಣ ಹೇಳಿದರೆ ನಗುತ್ತೀರಿ.

ಐದು ತಿಂಗಳಿಂದ ಸೂಪರ್ ಮೆಟ್ರಾಯ್ಡ್ 100% ಸ್ಪೀಡ್‌ರನ್ ಕಲಿಯುತ್ತಿದ್ದೇನೆ, ಅಂದರೆ ಎಲ್ಲ ಐಟಂ ಹೆಕ್ಕಿಕೊಂಡು ಆದಷ್ಟು ಬೇಗ ಆಟ ಮುಗಿಸುವುದು. ಮಧ್ಯದಲ್ಲಿ ಸಾಯದೆ, ರೀಸೆಟ್ ಒತ್ತದೆ ಕೊನೆವರೆಗೂ ಆಡಿದ್ದು ಇವತ್ತೇ ಮೊದಲು. 2 ಗಂಟೆ 14 ನಿಮಿಷ. ಪಳಗಿದವರು ಒಂದೂಕಾಲು ಗಂಟೆಯೊಳಗೆ ಮುಗಿಸುತ್ತಾರೆ, ಗೊತ್ತು. ನನಗೆ ನನ್ನದೇ ದೊಡ್ಡದು. ಕೊನೆಯ ಶತ್ರು ಮದರ್ ಬ್ರೈನ್ ಸತ್ತಿತು, ಮೂರು ನಿಮಿಷದ ಗಡುವಿನಲ್ಲಿ ಓಡಿ ಹಡಗು ಹತ್ತಿದೆ, ಗ್ರಹ ಸಿಡಿಯಿತು. ಹೆಸರುಗಳು ಉರುಳುವಾಗ ಅಮ್ಮನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. "ಈಗ ನೂರು ಅಂತ ಬರುತ್ತೆ ನೋಡು" ಅಂದೆ.

ಬಂದಿದ್ದು 99%.

ಅಮ್ಮ "ಪಿಯುಸಿಯಲ್ಲಿ ಇಷ್ಟು ತೆಗೆದಿದ್ದರೆ ಸಾಕಿತ್ತು" ಅಂತ ಎದ್ದು ಒಳಗೆ ಹೋದರು.

ರೆಕಾರ್ಡಿಂಗ್ ಇದೆ. ಕೊನೆಯ ಏರಿಯಾ ಟೂರಿಯನ್‌ಗೆ ಇಳಿಯುವಾಗ, ಪೂರ್ತಿ ತುಂಬಿಸಿಕೊಂಡ ಮೇಲೂ ಮಿಸೈಲ್ 225 ಅಂತಲೇ ಇದೆ. 230 ಇರಬೇಕಿತ್ತು. ಅಂದರೆ ಐದರ ಒಂದು ಪ್ಯಾಕ್ ಎಲ್ಲೋ ಉಳಿದಿದೆ. ಎಲ್ಲರೂ ಸಾಮಾನ್ಯವಾಗಿ ಮರೆಯುವುದು ಯಾವುದನ್ನು? ಎರಡು ಗಂಟೆ ವಿಡಿಯೋ ಮತ್ತೆ ನೋಡುವ ಧೈರ್ಯ ನನಗಿಲ್ಲ.

#2 ಗೋಡೆಗಣಪ
ಅಯ್ಯೋ.

#3 ಹಳೇಕ್ಯಾಸೆಟ್
ಅಯ್ಯೋಯ್ಯೋ. ಆಟದವರು ಲೆಕ್ಕ ತೋರಿಸುವುದನ್ನು ಎಲ್ಲ ಮುಗಿದ ಮೇಲೆ ಕಟ್ಟಕಡೆಗೆ ಇಟ್ಟಿದ್ದಾರಲ್ಲ, ಅವರಿಗೆ ನಮ್ಮ ಶಾಪ ತಟ್ಟದೇ ಇರಲ್ಲ.

#4 ಸುಮ್ನೆಓದೋಳು
ನನಗೆ ಈ ಆಟ ಗೊತ್ತಿಲ್ಲ. ಮಾರಿಯೋ ಮಾತ್ರ ಆಡಿದ್ದೇನೆ. 225, 230 ಅಂದರೇನು? ಒಂದು ಬಿಟ್ಟರೆ 1% ಹೇಗೆ ಕಡಿಮೆ ಆಗುತ್ತೆ? ತಿಳಿದವರು ಹೇಳಿ ಪ್ಲೀಸ್.

#5 ಲೆಕ್ಕದಶೆಟ್ರು
ಹೇಳುತ್ತೇನೆ ಮೇಡಂ, ಇದು ನನ್ನ ಇಷ್ಟದ ಲೆಕ್ಕ.

1994ರಲ್ಲಿ ಸೂಪರ್ ನಿಂಟೆಂಡೊಗೆ ಬಂದ ಆಟ. ಸೇಮಸ್ ಅನ್ನುವ ಹೆಣ್ಣುಮಗಳು ಜೆಬೆಸ್ ಗ್ರಹದ ಒಳಗೆಲ್ಲ ಸುತ್ತಾಡಿ, ಶಕ್ತಿ ಒಂದೊಂದೇ ಕೂಡಿಸಿಕೊಂಡು ಮದರ್ ಬ್ರೈನ್ ಹತ್ತಿರ ಹೋಗಬೇಕು. ಮಾರಿಯೋ ತರಹ ಒಂದನೇ ಲೆವೆಲ್, ಎರಡನೇ ಲೆವೆಲ್ ಅಂತ ಇಲ್ಲ. ಇಡೀ ಗ್ರಹ ಒಂದೇ ದೊಡ್ಡ ಮನೆ. ಕೋಣೆಯಿಂದ ಕೋಣೆಗೆ ಬಾಗಿಲು.

ಇಡೀ ಗ್ರಹದಲ್ಲಿ ಒಟ್ಟು 100 ಐಟಂ. ಸರಿಯಾಗಿ ನೂರು, ಹಾಗಾಗಿ ಒಂದಕ್ಕೆ 1%. ಮಿಸೈಲ್ ಪ್ಯಾಕ್ 46, ಸೂಪರ್ ಮಿಸೈಲ್ 10, ಪವರ್ ಬಾಂಬ್ 10, ಎನರ್ಜಿ ಟ್ಯಾಂಕ್ 14, ರಿಸರ್ವ್ ಟ್ಯಾಂಕ್ 4. ಇಲ್ಲಿಗೆ 84. ಉಳಿದ 16 ಅಂದರೆ ಮಾರ್ಫ್ ಬಾಲ್, ಬಾಂಬ್, ಬೀಮ್‌ಗಳು, ಸೂಟ್‌ಗಳು, ಸ್ಕ್ರೂ ಅಟ್ಯಾಕ್ ಇಂಥವು. ಒಂದು ಮಿಸೈಲ್ ಪ್ಯಾಕ್‌ಗೆ 5 ಮಿಸೈಲ್. 46 ಐದಲೆ 230. ಅವರ ಹತ್ತಿರ 225 ಅಂದರೆ 45 ಪ್ಯಾಕ್. ಕಳೆದಿದ್ದು ಬೇರೆ ಏನೂ ಅಲ್ಲ, ಒಂದು ಮಿಸೈಲ್ ಪ್ಯಾಕೇ.

#6 ಸುಮ್ನೆಓದೋಳು
ಥ್ಯಾಂಕ್ಸ್ ಸಾರ್. ಈಗ ನನಗೂ ಹೊಟ್ಟೆ ಉರಿಯುತ್ತಿದೆ.

#7 ರಾತ್ರಿಪಾಳಿ
ಬೇಜಾರು ಮಾಡಿಕೊಳ್ಳಬೇಡಿ ದೋಸೆಯವರೇ, ಆದರೆ ಒಂದು ಮಾತು. ಮೊದಲ ಓಟಕ್ಕೇ 100% ಯಾಕೆ ಹಿಡಿದಿರಿ? ಎನಿ ಪರ್ಸೆಂಟ್ ಆಡಿ. ಬೇಕಾದಷ್ಟೇ ಎತ್ತಿಕೊಂಡು ಕೊನೆಗೆ ಹೋಗುವುದು. ಚೆನ್ನಾಗಿ ಆಡುವವರು ಮುಕ್ಕಾಲು ಗಂಟೆಯೊಳಗೆ ಮುಗಿಸುತ್ತಾರೆ. ಸ್ಪೋರ್ ಸ್ಪಾನ್, ಕ್ರಾಕೊಮೈರ್ ಅನ್ನುವ ದೈತ್ಯರ ಜೊತೆ ಕಾದಾಟವೂ ಬೇಡ. ತಪ್ಪಾದರೆ ಹೋಗಿದ್ದು ಅರ್ಧ ಗಂಟೆ. ನಿಮಗೆ ಹೋಗಿದ್ದು ಇಡೀ ಭಾನುವಾರ.

ಎಲ್ಲ ಐಟಂ ಹೆಕ್ಕುವುದು ಸ್ಪೀಡ್‌ರನ್ನೇ ಅಲ್ಲ ಅನ್ನೋದು ನನ್ನ ಅಭಿಪ್ರಾಯ. ಓಡೋನು ಓಡಬೇಕು, ಹೆಕ್ಕೋನು ಹೆಕ್ಕಬೇಕು.

#8 ಗೋಡೆಗಣಪ
#7, ಇದೇನು ಮಾತು ಗುರು. ಸೂಪರ್ ಮಾರಿಯೋ ವರ್ಲ್ಡ್‌ನಲ್ಲಿ 96 ಎಕ್ಸಿಟ್ ಓಟ ಇದೆ, ಮಾರಿಯೋ 64ರಲ್ಲಿ 120 ಸ್ಟಾರ್ ಇದೆ, ಡಾಂಕಿ ಕಾಂಗ್ ಕಂಟ್ರಿಯಲ್ಲಿ 101% ಇದೆ. ಅವೆಲ್ಲ ಸ್ಪೀಡ್‌ರನ್ ಅಲ್ವಾ? ಡಾಂಕಿ ಕಾಂಗ್ ಕಂಟ್ರಿಯ ಎರಡನೇ ಭಾಗದಲ್ಲಿ 102%. ನೂರರ ಮೇಲೂ ಹೋಗಿಬಿಟ್ಟಿದ್ದಾರೆ.

ಎನಿ ಪರ್ಸೆಂಟ್‌ನಲ್ಲಿ ಕೈ ಬೇಕು. 100%ನಲ್ಲಿ ಕೈಯೂ ಬೇಕು, ತಲೆಯೂ ಬೇಕು. ಯಾವ ಕೋಣೆಗೆ ಯಾವಾಗ ಹೋಗಬೇಕು, ಒಂದು ಶಕ್ತಿ ಸಿಗುವ ಮೊದಲೇ ಅಲ್ಲಿಗೆ ಹೋದರೆ ಮತ್ತೆ ಬರಬೇಕಾ, ಒಂದೇ ಸಲಕ್ಕೆ ಆಗುತ್ತಾ. ದಾರಿ ಹಾಕುವುದೇ ಅರ್ಧ ಆಟ. ಮದುವೆ ಪತ್ರಿಕೆ ಹಂಚಲು ಹೊರಟ ಹಾಗೆ. ಒಬ್ಬರ ಮನೆ ಬಿಟ್ಟುಹೋಯಿತೋ, ಮತ್ತೆ ಅದೇ ಊರಿಗೆ ಬಸ್ ಹಿಡಿಯಬೇಕು.

#9 ರಾತ್ರಿಪಾಳಿ
ಮದುವೆ ಪತ್ರಿಕೆ ಹಂಚುವುದನ್ನು ಯಾರೂ ಕ್ರೀಡೆ ಅನ್ನಲ್ಲ ಅಣ್ಣ.

#10 ಹಳೇಕ್ಯಾಸೆಟ್
ನಮ್ಮ ಚಿಕ್ಕಪ್ಪ ಒಂದೇ ದಿನದಲ್ಲಿ ಮೂರು ತಾಲ್ಲೂಕು ಮುಗಿಸಿದ್ದರು. ಅದು ಕ್ರೀಡೆಯೇ.

#11 ಬೆಣ್ಣೆದೋಸೆ
#7ಕ್ಕೆ: ಎನಿ ಪರ್ಸೆಂಟ್ ಒಂದು ತಿಂಗಳು ಆಡಿದ್ದೆ. ಬಿಟ್ಟುಹೋಗುವ ಐಟಂ ಪಕ್ಕದಲ್ಲೇ ಹೊಳೆಯುತ್ತಿರುವಾಗ ಓಡಲು ಮನಸ್ಸು ಬರಲ್ಲ. ತಟ್ಟೆಯಲ್ಲಿ ಅನ್ನ ಬಿಟ್ಟು ಏಳಬಾರದು ಅಂತ ಬೆಳೆಸಿದ ಮನೆ ನಮ್ಮದು. 14%ನಲ್ಲಿ ಆಟ ಮುಗಿಸುವವರೂ ಇದ್ದಾರೆ, ನೋಡಿ ಕೈ ಮುಗಿದಿದ್ದೇನೆ, ಅದು ನನ್ನಿಂದ ಆಗದ ಕೆಲಸ.

ಈಗ ಮಿಸೈಲ್ ವಿಷಯ ಹೇಳಿ.

#12 ಕುಡ್ಲದಕುಟ್ಟಿ
ಮಾರಾಯ್ರೆ, ಮೊದಲ ಅನುಮಾನ ಬ್ರಿನ್‌ಸ್ಟಾರ್ ಏರಿಯಾದ ಹಸಿರು ಭಾಗದ ರಿಸರ್ವ್ ಟ್ಯಾಂಕ್ ಕೋಣೆ ಮೇಲೆ. ಅಲ್ಲಿ ಮೂರು ಇದೆ. ರಿಸರ್ವ್ ಟ್ಯಾಂಕ್ ತೆಗೆದ ಖುಷಿಯಲ್ಲಿ ಎಲ್ಲರೂ ತಿರುಗಿ ಬರುತ್ತಾರೆ. ಅದರ ಹಿಂದೆ ಒಂದು ಮಿಸೈಲ್, ಆ ಮಿಸೈಲ್ ಹಿಂದೆ ಅಡಗಿರುವ ಇನ್ನೊಂದು ಮಿಸೈಲ್. ನಾನು ಎರಡು ವರ್ಷ ಆ ಮೂರನೆಯದು ಇದೆ ಅಂತಲೇ ಗೊತ್ತಿಲ್ಲದೆ ಆಡಿದ್ದೇನೆ.

#13 ಬೆಣ್ಣೆದೋಸೆ
ಅಲ್ಲಿ ಮೂರೂ ತೆಗೆದಿದ್ದೇನೆ. ಖಂಡಿತ. ಅದು ಮೋಕ್‌ಬಾಲ್ ಮಾಡಿದ ತಕ್ಷಣ ಬರುವ ಜಾಗ. ನೆನಪಿದೆ.

#14 ಸುಮ್ನೆಓದೋಳು
ಮೋಕ್‌ಬಾಲ್?

#15 ಗೋಡೆಗಣಪ
ಓಡುತ್ತಾ ಬಂದು ಹಾರಿ, ನೆಲ ಮುಟ್ಟುವ ಹೊತ್ತಿಗೆ ಸರಿಯಾಗಿ ಉಂಡೆಯಾಗಿ ಮುದುರಿಕೊಳ್ಳಬೇಕು, ಮುಂದಕ್ಕೆ ಹೋಗುವ ಬಟನ್ ಹಿಡಿದೇ ಇರಬೇಕು. ಆಗ ಓಡುವ ವೇಗದಲ್ಲೇ ಉಂಡೆ ಉರುಳುತ್ತೆ. ಸಾಮಾನ್ಯವಾಗಿ ಉಂಡೆ ಆಮೆ ತರಹ ಹೋಗುತ್ತೆ. ಹಸಿರು ಬ್ರಿನ್‌ಸ್ಟಾರ್‌ನಲ್ಲಿ ಮುಚ್ಚಿಕೊಳ್ಳುವ ಗೇಟ್‌ಗಳಿವೆ. ಸ್ಪೀಡ್ ಬೂಸ್ಟರ್ ಇಲ್ಲದೆ ದಾಟಬಾರದು ಅಂತ ಇಟ್ಟಿದ್ದು. ಮೋಕ್‌ಬಾಲ್ ಗೊತ್ತಿದ್ದರೆ ಬೂಸ್ಟರ್ ಸಿಗುವ ಎಷ್ಟೋ ಮೊದಲೇ ಒಳಗೆ ನುಗ್ಗಿ ಸೂಪರ್ ಮಿಸೈಲ್ ಎತ್ತಬಹುದು.

ನನಗೆ ಅದು ಕೂಡಿಬರಲು ಮೂರು ವಾರ ಬೇಕಾಯಿತು. ಎಡಗೈ ಹೆಬ್ಬೆರಳಲ್ಲಿ ಬೊಬ್ಬೆ.

#16 ಮಾಮೂಲಿಮನುಷ್ಯ
ಹಾಗಾದರೆ ಇದು ಮೋಸ ಅಲ್ವಾ? ಆಟ ಮಾಡಿದವರು ಬೇಡ ಅಂದ ದಾರಿಯಲ್ಲಿ ನುಗ್ಗುವುದು.

#17 ಗೋಡೆಗಣಪ
ಯಾವ ಮೋಸ? ಆಟದ ಒಳಗೆ ಇರುವ ಬಟನ್ನೇ ಒತ್ತಿದ್ದು. ಗೋಡೆಯಿಂದ ಗೋಡೆಗೆ ಹಾರುವುದನ್ನು ಆಟವೇ ಕಲಿಸುತ್ತೆ. ಹಸಿರು ಬ್ರಿನ್‌ಸ್ಟಾರ್ ತಳದಲ್ಲಿ ಮೂರು ಎಟಿಕೂನ್ ಮರಿಗಳಿವೆ, ಅವೇ ಹಾರಿ ತೋರಿಸುತ್ತವೆ. ಡಕೋರಾ ಅಂತ ಉಷ್ಟ್ರಪಕ್ಷಿ ತರಹದ್ದು ಒಂದಿದೆ, ಅದು ಓಡಿ ಓಡಿ ಮೇಲಕ್ಕೆ ಚಿಮ್ಮುವ ಶೈನ್‌ಸ್ಪಾರ್ಕ್ ಕಲಿಸುತ್ತೆ. ಬಾಯಿಬಿಟ್ಟು ಒಂದು ಮಾತಿಲ್ಲ, ಅಕ್ಷರ ಇಲ್ಲ. ನೋಡಿ ಕಲಿ ಅಷ್ಟೇ.

#18 ರಾತ್ರಿಪಾಳಿ
#17, ಆಟ ಗೋಡೆ ಹಾರುವುದನ್ನು ಕಲಿಸುತ್ತೆ ಸರಿ. ಮೋಕ್‌ಬಾಲ್ ಯಾವ ಮರಿಯೂ ಕಲಿಸಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಅದು ಕೋಡ್‌ನಲ್ಲಿ ಉಳಿದುಹೋದ ತೂತು.

ಆದರೆ ಮೋಸ ಅಂತ ನಾನೂ ಅನ್ನಲ್ಲ. ಮೆಮೊರಿಯನ್ನೇ ಕೆಡಿಸಿ ನೇರ ಕೊನೆಗೆ ಹಾರುವ ಓಟಗಳಿಗೆ ಬೇರೆ ಪಟ್ಟಿ ಇದೆ. ಯಾರು ಯಾವ ಪಟ್ಟಿಯಲ್ಲಿ ಓಡುತ್ತಾರೋ ಆ ನಿಯಮ. ನಿಯಮ ಎಲ್ಲರಿಗೂ ಒಂದೇ ಇದ್ದರೆ ಮೋಸ ಎಲ್ಲಿಂದ ಬಂತು.

#19 ಮಾಮೂಲಿಮನುಷ್ಯ
ಒಪ್ಪಿದೆ. ಆದರೂ ಮನಸ್ಸು ಒಪ್ಪುತ್ತಿಲ್ಲ.

#20 ಹಳೇಕ್ಯಾಸೆಟ್
ಮೋಸ ಅಂದಾಗ ನೆನಪಾಯಿತು. ನಮ್ಮ ಕಾಲದಲ್ಲಿ ಮೋಸ ಮಾಡುತ್ತಿದ್ದುದು ಆಡುವವನಲ್ಲ, ಕ್ಯಾಸೆಟ್ಟು. "9999 ಇನ್ 1" ಅಂತ ಮೇಲೆ ಬರೆದಿರುತ್ತಿತ್ತು. ಹಾಕಿದರೆ ಅದೇ ಹತ್ತಿಪ್ಪತ್ತು ಆಟ ಬೇರೆ ಬೇರೆ ಹೆಸರಲ್ಲಿ. 1ನೇ ನಂಬರೂ ಮಾರಿಯೋ, 57ನೇ ನಂಬರೂ ಮಾರಿಯೋ, 57ರಲ್ಲಿ ಮೂರನೇ ಲೆವೆಲ್‌ನಿಂದ ಶುರು. ಅಷ್ಟಕ್ಕೇ ಹೊಸ ಆಟ ಅಂತ ಕುಣಿಯುತ್ತಿದ್ದೆವು.

ಮೀಡಿಯಾ, ಸಮುರಾಯ್ ಅಂತ ಡಬ್ಬಿಗಳು. ಬೇಸಿಗೆ ರಜೆಯಲ್ಲಿ ದಿನಕ್ಕಿಷ್ಟು ಅಂತ ಬಾಡಿಗೆಗೆ ತರುತ್ತಿದ್ದೆವು. ಕ್ಯಾಸೆಟ್ ಓಡದಿದ್ದರೆ ಬಾಯಲ್ಲಿ ಉಫ್ ಅಂತ ಊದುವುದು. ಸೂಪರ್ ನಿಂಟೆಂಡೊ ಅನ್ನುವ ಡಬ್ಬಿಯನ್ನು ನಮ್ಮ ಬೀದಿಯಲ್ಲಿ ಯಾರೂ ಕಣ್ಣಿಂದ ನೋಡಿರಲಿಲ್ಲ. ನಾನು ಮೆಟ್ರಾಯ್ಡ್ ಆಡಿದ್ದು ಕಾಲೇಜಿಗೆ ಬಂದ ಮೇಲೆ, ಕಂಪ್ಯೂಟರ್‌ನಲ್ಲಿ ಎಮ್ಯುಲೇಟರ್ ಹಾಕಿ, ಕೀಬೋರ್ಡಿನಲ್ಲಿ. ಕೀಬೋರ್ಡಿನಲ್ಲಿ ಗೋಡೆ ಹಾರಿದವನು ನಾನು. ಮೆಡಲ್ ಏನೂ ಕೊಡಬೇಡಿ.

#21 ಕುಡ್ಲದಕುಟ್ಟಿ
ಊದಿದರೆ ಕ್ಯಾಸೆಟ್ ಹಾಳಾಗುತ್ತದೆ ಮಾರಾಯ್ರೆ, ಎಂಜಲು ತಾಗಿ ಪಿನ್ ತುಕ್ಕು ಹಿಡಿಯುತ್ತದೆ. ತೆಗೆದು ಮತ್ತೆ ಹಾಕಿದ್ದಕ್ಕೆ ಸರಿಯಾಗುತ್ತಿತ್ತು, ಊದಿದ್ದಕ್ಕಲ್ಲ.

#22 ಹಳೇಕ್ಯಾಸೆಟ್
ನನ್ನ ಬಾಲ್ಯದ ಒಂದೇ ಒಂದು ವಿದ್ಯೆ. ಅದನ್ನೂ ಕಸಿದುಕೊಂಡಿರಿ.

#23 ಮಾಮೂಲಿಮನುಷ್ಯ
ವಿಷಯಕ್ಕೆ ಬರೋಣ. ಆಟದ ಮ್ಯಾಪ್ ನೋಡಿದರೆ ಗೊತ್ತಾಗಲ್ವಾ? ಐಟಂ ಇರುವ ಚೌಕದಲ್ಲಿ ಚುಕ್ಕೆ ಇರುತ್ತಲ್ಲ.

#24 ಗೋಡೆಗಣಪ
ಐಟಂ ತೆಗೆದ ಮೇಲೂ ಚುಕ್ಕೆ ಅಲ್ಲೇ ಇರುತ್ತೆ, ಅಳಿಸಿಹೋಗಲ್ಲ. ಹಾಗಾಗಿ ಯಾವುದು ತೆಗೆದಿದ್ದು, ಯಾವುದು ಬಾಕಿ ಅಂತ ಮ್ಯಾಪ್ ಹೇಳಲ್ಲ. ಒಂದೇ ಚೌಕದಲ್ಲಿ ಎರಡು ಐಟಂ ಇದ್ದರಂತೂ ದೇವರೇ ಗತಿ.

#25 ಮಾಮೂಲಿಮನುಷ್ಯ
ಎಕ್ಸ್-ರೇ ಸ್ಕೋಪ್ ಇದೆಯಲ್ಲ? ಅದು ಗೋಡೆಯೊಳಗೆ ಅಡಗಿದ್ದನ್ನು ತೋರಿಸುತ್ತೆ.

#26 ಬೆಣ್ಣೆದೋಸೆ
ಎಕ್ಸ್-ರೇ ಬಳಸಿದರೆ ನಿಂತು ನೋಡಬೇಕು. ಗಡಿಯಾರ ಓಡುತ್ತಿರುತ್ತೆ. 100% ಓಟದಲ್ಲಿ ಎಕ್ಸ್-ರೇ ಸ್ಕೋಪಿನ ಉಪಯೋಗ ಒಂದೇ, ಅದರದೇ 1%. ಮುಳ್ಳಿನ ಕೋಣೆ ದಾಟಿ ಹೋಗಿ ತರುವುದು, ಆಮೇಲೆ ಒಂದು ಸಲವೂ ಹಚ್ಚದೆ ಇಡುವುದು. ಸ್ಪೇಜರ್ ಬೀಮ್ ಕಥೆಯೂ ಅದೇ. ಮುಂದೆ ಪ್ಲಾಸ್ಮಾ ಬೀಮ್ ಸಿಕ್ಕರೆ ಎರಡನ್ನೂ ಒಟ್ಟಿಗೆ ಹಾಕಿಕೊಳ್ಳಲು ಬರಲ್ಲ, ಆದರೆ ಲೆಕ್ಕಕ್ಕೆ ಎರಡೂ ಬೇಕು. ಮದುವೆಗೆ ಬಂದ ಗೋಡೆ ಗಡಿಯಾರಗಳ ಹಾಗೆ.

#27 ಲೆಕ್ಕದಶೆಟ್ರು
ಸುಮ್ನೆ ಒಬ್ಬೊಬ್ಬರು ಒಂದೊಂದು ಕೋಣೆ ಹೇಳುತ್ತಾ ಹೋದರೆ ನಾಳೆ ಬೆಳಗಾಗುತ್ತೆ. ಏರಿಯಾ ಪ್ರಕಾರ ಎಣಿಸೋಣ. 46 ಮಿಸೈಲ್ ಪ್ಯಾಕ್ ಹೀಗೆ ಹಂಚಿಕೆಯಾಗಿವೆ: ಕ್ರಟೇರಿಯಾದಲ್ಲಿ 8, ಬ್ರಿನ್‌ಸ್ಟಾರ್‌ನಲ್ಲಿ 12, ನಾರ್ಫೇರ್‌ನಲ್ಲಿ ಮೇಲಿನದು ಕೆಳಗಿನದು ಸೇರಿ 15, ರೆಕ್ಡ್ ಶಿಪ್‌ನಲ್ಲಿ 3, ಮರಿಡಿಯಾದಲ್ಲಿ 8. ಕೂಡಿ ನೋಡಿ, 46.

ದೋಸೆಯವರೇ, ವಿಡಿಯೋ ಪೂರ್ತಿ ನೋಡಬೇಡಿ. ಮಿಸೈಲ್ ಸಿಕ್ಕಾಗ ಆಟ ನಿಂತು ಒಂದು ಪೆಟ್ಟಿಗೆ ತೋರಿಸಿ ರಾಗ ಹಾಡುತ್ತಲ್ಲ, ಅಲ್ಲಿಂದ ಅಲ್ಲಿಗೆ ಹಾರಿಸಿಕೊಂಡು ಹೋಗಿ. ಒಂದು ಹಾಳೆಯಲ್ಲಿ ಐದು ಸಾಲು ಹಾಕಿ ಗೀಟು ಎಳೆಯಿರಿ. ಕಾಲು ಗಂಟೆ ಕೆಲಸ.

#28 ಬೆಣ್ಣೆದೋಸೆ
ಸರಿ, ಕೂರುತ್ತೇನೆ.

#29 ನ್ಯೂಜೆರ್ಸಿನಾಗ
ಅವರು ಎಣಿಸುವವರೆಗೆ ಒಂದು ಪ್ರಶ್ನೆ. ಪ್ರಾಣಿಗಳನ್ನು ಉಳಿಸಿದಿರಾ, ಬಿಟ್ಟು ಓಡಿದಿರಾ? ಗೊತ್ತಿಲ್ಲದವರಿಗೆ: ಕೊನೆಯ ಮೂರು ನಿಮಿಷದ ಓಟದಲ್ಲಿ ಆ ಎಟಿಕೂನ್ ಮರಿಗಳು, ಡಕೋರಾ ಒಂದು ಕೋಣೆಯಲ್ಲಿ ಸಿಕ್ಕಿಹಾಕಿಕೊಂಡಿರುತ್ತವೆ. ದಾರಿ ಬಿಟ್ಟು ಪಕ್ಕಕ್ಕೆ ಹೋಗಿ ಗೋಡೆ ಒಡೆದರೆ ತಪ್ಪಿಸಿಕೊಂಡು ಹೋಗುತ್ತವೆ. ಪರ್ಸೆಂಟಿಗೆ ಅದು ಸೇರಲ್ಲ. ಸಮಯ ಮಾತ್ರ ಹೋಗುತ್ತೆ.

ಇಲ್ಲಿ ಗೇಮ್ಸ್ ಡನ್ ಕ್ವಿಕ್ ಅಂತ ದಾನ ಸಂಗ್ರಹದ ಸ್ಪೀಡ್‌ರನ್ ಹಬ್ಬ 2010ರಿಂದ ನಡೆಯುತ್ತೆ. ಅಲ್ಲಿ ಈ ಆಟ ಬಂದರೆ ಜನ ಉಳಿಸಿ, ಸಾಯಿಸಿ ಅಂತ ಎರಡು ಪಕ್ಷ ಕಟ್ಟಿಕೊಂಡು ದುಡ್ಡು ಹಾಕುತ್ತಾರೆ. ಯಾರ ದುಡ್ಡು ಜಾಸ್ತಿಯೋ ಆಟಗಾರ ಹಾಗೆ ಆಡಬೇಕು. ನಮ್ಮ ಮನೆಯಲ್ಲಿ ನಾನು ಉಳಿಸುವ ಪಕ್ಷ, ಹೆಂಡತಿ ಸಾಯಿಸುವ ಪಕ್ಷ. ಅವಳ ವಾದ, ಒಂದೊಂದು ಸೆಕೆಂಡಿಗೆ ಪ್ರಾಣ ಬಿಡೋರಿಗೆ ಪ್ರಾಣಿ ಯಾಕೆ.

#30 ರಾತ್ರಿಪಾಳಿ
ಅಕ್ಕನ ಪಕ್ಷಕ್ಕೆ ನನ್ನ ವೋಟು.

#31 ಸುಮ್ನೆಓದೋಳು
ಥೂ, ಪಾಪ ಅಲ್ವಾ. ಹಾರುವುದನ್ನು ಕಲಿಸಿದ ಗುರುಗಳನ್ನೇ ಬಿಟ್ಟು ಓಡುವುದಾ?

#32 ಗೋಡೆಗಣಪ
ಗುರುದಕ್ಷಿಣೆ ಕೊಡುವ ಹೊತ್ತಿಗೆ ಶಿಷ್ಯರೆಲ್ಲ ಹೀಗೇ.

#33 ಕುಡ್ಲದಕುಟ್ಟಿ
ನನ್ನ ಎರಡನೇ ಅನುಮಾನ ಮರಿಡಿಯಾದ ಮರಳು ಗುಂಡಿ. ಎಡಗಡೆ ಒಂದು, ಬಲಗಡೆ ಒಂದು. ಎಡಗಡೆಯದರಲ್ಲಿ ಮಿಸೈಲ್ ಮತ್ತು ರಿಸರ್ವ್ ಟ್ಯಾಂಕ್, ಬಲಗಡೆಯದರಲ್ಲಿ ಮಿಸೈಲ್ ಮತ್ತು ಪವರ್ ಬಾಂಬ್. ಎರಡೂ ನೋಡಲು ಒಂದೇ ತರಹ. ಒಂದಕ್ಕೆ ಬಿದ್ದು ಬಂದವರಿಗೆ ಎರಡಕ್ಕೂ ಹೋದ ಹಾಗೆ ಅನಿಸುತ್ತದೆ. ಮರಳಿನಲ್ಲಿ ಕಾಲು ಹೂತು ಹಾರಲಿಕ್ಕೂ ಆಗದೆ ಒದ್ದಾಡುವಾಗ ಲೆಕ್ಕ ಯಾರಿಗೆ ನೆನಪಿರುತ್ತದೆ? ಪಣಂಬೂರು ಬೀಚಿನಲ್ಲಿ ಚಪ್ಪಲಿ ಹಾಕಿಕೊಂಡು ಓಡಿದ ಹಾಗೆ.

#34 ರಾತ್ರಿಪಾಳಿ
ದೋಸೆಯವರು ಟಿವಿಗೆ ಹಾಕಿ ಆಡುತ್ತಾರಾ, ಮಾನಿಟರಾ? ಈಗಿನ ಟಿವಿಗಳಲ್ಲಿ ಬಟನ್ ಒತ್ತಿದ್ದಕ್ಕೂ ಸೇಮಸ್ ಹಾರಿದ್ದಕ್ಕೂ ನಡುವೆ ಸ್ವಲ್ಪ ತಡ ಇರುತ್ತೆ. ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಅಂತ ಇದ್ದರೆ ಹಾಕಿ. ಈ ಆಟ ಸೆಕೆಂಡಿಗೆ 60 ಫ್ರೇಮ್, ಒಂದೆರಡು ಫ್ರೇಮ್ ಆಚೀಚೆ ಆದರೂ ಮೋಕ್‌ಬಾಲ್ ಕೈಕೊಡುತ್ತೆ. ಯುರೋಪಿನ 50 ಹರ್ಟ್ಸ್ ಪ್ರತಿ ಹಾಕಿಕೊಂಡಿಲ್ಲ ತಾನೇ? ಅದು ಬೇರೆಯೇ.

#35 ಬೆಣ್ಣೆದೋಸೆ
ಮಾನಿಟರ್. ಅಮೆರಿಕದ ಪ್ರತಿ. ಎಣಿಸಿ ಮುಗಿಯಿತು.

ಕ್ರಟೇರಿಯಾ 5
ಬ್ರಿನ್‌ಸ್ಟಾರ್ 11
ನಾರ್ಫೇರ್ 15
ರೆಕ್ಡ್ ಶಿಪ್ 6
ಮರಿಡಿಯಾ 8

ಒಟ್ಟು 45 ಸರಿ ಇದೆ. ಆದರೆ ಶೆಟ್ರೇ, ನಿಮ್ಮ ಪಟ್ಟಿಗೂ ನನ್ನದಕ್ಕೂ ಎರಡು ಕಡೆ ತಾಳೆ ಇಲ್ಲ. ರೆಕ್ಡ್ ಶಿಪ್‌ನಲ್ಲಿ ನನಗೆ ಮೂರು ಜಾಸ್ತಿ ಸಿಕ್ಕಿದೆ!

#36 ಮಾಮೂಲಿಮನುಷ್ಯ
ಶೆಟ್ರ ಲೆಕ್ಕ ತಪ್ಪು ಅಂತಾಯಿತು.

#37 ಲೆಕ್ಕದಶೆಟ್ರು
ಶೆಟ್ರ ಲೆಕ್ಕ ತಪ್ಪಲ್ಲ. ರೆಕ್ಡ್ ಶಿಪ್ ಅನ್ನುವ ಆ ಒಡೆದ ಹಡಗಿನ ಹೊರಗೆ, ಪಶ್ಚಿಮದ ನೀರಿನ ಕಡೆ ಮೂರು ಮಿಸೈಲ್ ಇವೆ. ಮೇಲೊಂದು, ನಡುವೆ ಒಂದು, ನೀರಿನ ತಳದಲ್ಲಿ ಒಂದು. ಹಡಗು ಪಕ್ಕದಲ್ಲೇ ಇರುವುದಕ್ಕೆ ನೀವು ಅದನ್ನು ಹಡಗಿನ ಲೆಕ್ಕಕ್ಕೆ ಬರೆದಿದ್ದೀರಿ. ಆಟದ ಮ್ಯಾಪಿನಲ್ಲಿ ಅದು ಕ್ರಟೇರಿಯಾ. ಆ ಮೂರನ್ನು ಆಚೆ ಹಾಕಿ: ಕ್ರಟೇರಿಯಾ 8, ಹಡಗು 3. ಎರಡೂ ಸರಿಯಾಯಿತು.

ಉಳಿದಿದ್ದು ಬ್ರಿನ್‌ಸ್ಟಾರ್. 12ರಲ್ಲಿ 11. ಕಳ್ಳ ಅಲ್ಲೇ ಇದ್ದಾನೆ.

#38 ಹಳೇಕ್ಯಾಸೆಟ್
ಈಗ ಮೈ ಜುಮ್ ಅಂತು.

#39 ಕುಡ್ಲದಕುಟ್ಟಿ
ನಾನು ಮೊದಲೇ ಬ್ರಿನ್‌ಸ್ಟಾರ್ ಅಂತ ಹೇಳಿದ್ದೆ.

#40 ರಾತ್ರಿಪಾಳಿ
ಆಮೇಲೆ ಮರಿಡಿಯಾ ಅಂತಲೂ ಹೇಳಿದ್ದಿರಿ. ನಾನೇನು ಮರೆತಿಲ್ಲ.

#41 ಗೋಡೆಗಣಪ
ಬ್ರಿನ್‌ಸ್ಟಾರ್‌ನ 12 ಮಿಸೈಲ್: ಹಸಿರು ಕಡೆ ಗೇಟ್ ಕೋಣೆಯ ಹತ್ತಿರದ್ದು ಒಂದು, ರಿಸರ್ವ್ ಕೋಣೆಯವು ಎರಡು. ಗುಲಾಬಿ ಬ್ರಿನ್‌ಸ್ಟಾರ್‌ನಲ್ಲಿ ಮೇಲೊಂದು, ಕೆಳಗೊಂದು. ಕೆಂಪು ಬ್ರಿನ್‌ಸ್ಟಾರ್‌ನಲ್ಲಿ ಒಂದು. ಹಸಿರು ಪೈಪಿನದು ಒಂದು. ಕ್ರೇಡ್ ಅನ್ನುವ ದೈತ್ಯನ ಗೂಡಿನ ಗೋದಾಮಿನಲ್ಲಿ ಒಂದು. ಎಂಟಾಯಿತು. ಇನ್ನು ನಾಲ್ಕು ನೀಲಿ ಬ್ರಿನ್‌ಸ್ಟಾರ್‌ನಲ್ಲಿ.

ನೀಲಿಯಲ್ಲಿ ಎಷ್ಟು ಗೀಟು ಎಳೆದಿದ್ದೀರಿ?

#42 ಬೆಣ್ಣೆದೋಸೆ
ಮೂರು. ಆಟದ ಮೊದಲ ಮಿಸೈಲ್, ಚಾವಣಿಯಲ್ಲಿ ಎನರ್ಜಿ ಟ್ಯಾಂಕ್ ಇರುವ ಕೋಣೆಯದು ಒಂದು, ಬಂಡೆ ಉರುಳುವ ಕೋಣೆ ದಾಟಿದ ಮೇಲೆ ಒಂದು.

#43 ನ್ಯೂಜೆರ್ಸಿನಾಗ
ಬಂಡೆ ಕೋಣೆ ದಾಟಿದ ಮೇಲೆ ಒಂದಾ? ಅಣ್ಣ, ಅದು ಬಿಲ್ಲಿ ಮೇಸ್ ಕೋಣೆ!

#44 ಬೆಣ್ಣೆದೋಸೆ
ಅಂದರೆ?

#45 ನ್ಯೂಜೆರ್ಸಿನಾಗ
ಬಿಲ್ಲಿ ಮೇಸ್ ಅಂತ ಇಲ್ಲಿನ ಟಿವಿಯಲ್ಲಿ ಸಾಮಾನು ಮಾರುತ್ತಿದ್ದ ಗಡ್ಡದ ಮನುಷ್ಯ. 2009ರಲ್ಲಿ ತೀರಿಕೊಂಡರು. ಕಲೆ ತೆಗೆಯುವ ಪುಡಿ ಹಿಡಿದುಕೊಂಡು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. ಒಂದು ವಸ್ತು ತೋರಿಸಿ, ಬೆಲೆ ಹೇಳಿ, "ತಾಳಿ, ಇನ್ನೂ ಇದೆ" ಅನ್ನುವುದು ಈ ಟಿವಿ ಮಾರಾಟದವರ ಮಾತು. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಬಸ್ ಹೊರಡುವ ಮೊದಲು ಪೆನ್ನು ಮಾರಲು ಹತ್ತುತ್ತಿದ್ದರಲ್ಲ, "ಒಂದು ಪೆನ್ನಿಗೆ ಹತ್ತು ರೂಪಾಯಿ ಅಲ್ಲ, ಎರಡಲ್ಲ, ಮೂರು ಪೆನ್ನು, ಅದರ ಜೊತೆಗೆ ಒಂದು ಬಾಚಣಿಗೆ", ಅದೇ ಜಾತಿ.

ಆ ಕೋಣೆಯಲ್ಲಿ ಒಂದು ಮಿಸೈಲ್ ಕಣ್ಣಿಗೆ ಕಾಣುತ್ತೆ. ತೆಗೆದುಕೊಂಡು ಎಲ್ಲರೂ ತಿರುಗಿಬಿಡುತ್ತಾರೆ. ಅದರ ಹಿಂದೆ ಅಡಗಿ ಇನ್ನೊಂದು ಇದೆ. ತಾಳಿ, ಇನ್ನೂ ಇದೆ! ಅದಕ್ಕೇ ಓಟಗಾರರು ಕೋಣೆಗೆ ಆ ಹೆಸರು ಇಟ್ಟಿದ್ದು.

#46 ಹಳೇಕ್ಯಾಸೆಟ್
ಬಾಚಣಿಗೆ ತೆಗೆದುಕೊಳ್ಳದೆ ಬಸ್ ಇಳಿದುಬಿಟ್ಟಿದ್ದೀರಿ ದೋಸೆಯವರೇ.

#47 ಬೆಣ್ಣೆದೋಸೆ
ವಿಡಿಯೋ ನೋಡಿದೆ. 1 ಗಂಟೆ 38ನೇ ನಿಮಿಷ. ಹೇಳುತ್ತೇನೆ ಕೇಳಿ.

ಕೋಣೆಗೆ ಬರುತ್ತೇನೆ. ಮಿಸೈಲ್ ಎತ್ತುತ್ತೇನೆ. ರಾಗ ಬರುತ್ತೆ. ಎಂದಿನ ಹಾಗೆ ಸೇಮಸ್ ಮುಂದಕ್ಕೆ ಒಂದು ಹೆಜ್ಜೆ ಇಡುತ್ತಾಳೆ, ಅಂದರೆ ನನ್ನ ಕೈಗೆ ಎರಡನೆಯದು ಗೊತ್ತಿತ್ತು. ಅಷ್ಟರಲ್ಲಿ ಸೇಮಸ್ ನಿಂತುಬಿಡುತ್ತಾಳೆ. ನಾಲ್ಕು ಸೆಕೆಂಡು ಸುಮ್ನೆ ನಿಂತಿದ್ದಾಳೆ. ಮೈಕ್ ಆನ್ ಇತ್ತು, ಹಿಂದಿನಿಂದ ಅಮ್ಮನ ದನಿ: "ಗ್ಯಾಸ್ ಆಫ್ ಮಾಡಿದ್ಯಾ ನೋಡೋ." ನಾನು "ಹೂಂ" ಅಂತೀನಿ. ಸೇಮಸ್ ತಿರುಗಿ ಬಾಗಿಲಿನಿಂದ ಹೊರಗೆ ಹೋಗುತ್ತಾಳೆ.

ಹಾಲು ಉಕ್ಕಿತ್ತು. ಗ್ಯಾಸ್ ಆಫ್ ಮಾಡಿರಲಿಲ್ಲ.

#48 ಗೋಡೆಗಣಪ
ಹಾಲೂ ಹೋಯಿತು, ಮಿಸೈಲೂ ಹೋಯಿತು.

#49 ಸುಮ್ನೆಓದೋಳು
ನಕ್ಕು ನಕ್ಕು ಸಾಕಾಯಿತು. ಪಕ್ಕದ ಸೀಟಿನವರು ನೋಡುತ್ತಿದ್ದಾರೆ.

#50 ರಾತ್ರಿಪಾಳಿ
#7ರಲ್ಲಿ ನಾನು ಹೇಳಿದ್ದನ್ನು ಅರ್ಧ ವಾಪಸ್ ತೆಗೆದುಕೊಳ್ಳುತ್ತೇನೆ. ಒಂದು ಪ್ರಶ್ನೆ ಹಾಕಿ ಮನುಷ್ಯನ ತಲೆಯಿಂದ ಐದು ತಿಂಗಳ ದಾರಿಯ ಒಂದು ತುಂಡು ಅಳಿಸಬಹುದು ಅಂದರೆ ಇದು ಕಷ್ಟದ ಆಟವೇ. ಉಳಿದರ್ಧ ವಾಪಸ್ ಇಲ್ಲ.

#51 ಲೆಕ್ಕದಶೆಟ್ರು
ನಾನು ಮಾಡುವುದು ಹೀಗೆ. ಮಿಸೈಲ್ ಲೆಕ್ಕವನ್ನು ದಾರಿಯ ನಾಲ್ಕು ಕಡೆ, ನಾಲ್ಕು ದೊಡ್ಡ ದೈತ್ಯರು ಸತ್ತಾಗ, ತಾಳೆ ನೋಡುತ್ತೇನೆ. ಕ್ರೇಡ್ ಸತ್ತಾಗ ಎಷ್ಟು ಇರಬೇಕು, ಫ್ಯಾಂಟೂನ್ ಸತ್ತಾಗ ಎಷ್ಟು, ಡ್ರೇಗನ್, ರಿಡ್ಲಿ ಆದಾಗ ಎಷ್ಟು. ನಿಮ್ಮ ದಾರಿಗೆ ನಿಮ್ಮ ಸಂಖ್ಯೆ ಬೇರೆ ಬರುತ್ತೆ, ಚೀಟಿ ಬರೆದು ಮಾನಿಟರಿಗೆ ಅಂಟಿಸಿ. ಆಡುವಾಗ ಮಿಸೈಲ್ ಖರ್ಚಾಗುವುದಕ್ಕೆ ಮೇಲೆ ಕಾಣುವ ಸಂಖ್ಯೆ ನಂಬಬೇಡಿ. ತುಂಬಿಸಿಕೊಂಡಾಗ ಮಾತ್ರ ನೋಡಿ. ಐದು ಕಮ್ಮಿ ಇದ್ದರೆ ಆ ಭಾಗದಲ್ಲೇ ಹುಡುಕಿದರಾಯಿತು, ಇಡೀ ಗ್ರಹ ಅಲ್ಲ.

#52 ಗೋಡೆಗಣಪ
ಇದರ ಜೊತೆಗೆ ಅಭ್ಯಾಸಕ್ಕಂತಲೇ ಮಾಡಿದ ಪ್ರಾಕ್ಟೀಸ್ ಹ್ಯಾಕ್ ಇದೆ, ಬೇಕಾದ ಕೋಣೆಯಿಂದ ಶುರು ಮಾಡಬಹುದು. ನೀಲಿ ಬ್ರಿನ್‌ಸ್ಟಾರ್ ತುಂಡನ್ನು ಐವತ್ತು ಸಲ ಆಡಿ. ಪಕ್ಕದಲ್ಲಿ ಯಾರಾದರೂ ಏನಾದರೂ ಕೇಳುತ್ತಿರಬೇಕು. ಕರೆಂಟ್ ಬಿಲ್ ಕಟ್ಟಿದ್ಯಾ, ನಲ್ಲಿ ನೀರು ಬಂತಾ, ಹೀಗೆ.

#53 ಬೆಣ್ಣೆದೋಸೆ
ಅಮ್ಮನಿಗೆ ಹೇಳಿದೆ. ಸಂಬಳ ಕೇಳುತ್ತಿದ್ದಾರೆ.

#54 ಬೆಣ್ಣೆದೋಸೆ
ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಇವತ್ತು ಮುಗಿಯಿತು. 2 ಗಂಟೆ 21 ನಿಮಿಷ. ಹಿಂದಿನದಕ್ಕಿಂತ 7 ನಿಮಿಷ ಜಾಸ್ತಿ. ಫ್ಯಾಂಟೂನ್ ಸುಮ್ನೆ ಸತಾಯಿಸಿತು, ಗೋಲ್ಡನ್ ಟೊರಿಜೊ ನಾನು ಹೊಡೆದ ಸೂಪರ್ ಮಿಸೈಲನ್ನೇ ಹಿಡಿದು ನನಗೇ ಎಸೆಯಿತು, ಶೆಟ್ರ ಚೀಟಿ ನೋಡಲು ಎರಡು ಕಡೆ ನಿಂತೆ. ಬಿಲ್ಲಿ ಮೇಸ್ ಕೋಣೆಯಲ್ಲಿ ಎರಡೂ ತೆಗೆದೆ. ಟೂರಿಯನ್‌ಗೆ ಇಳಿಯುವಾಗ 230.

ಕೊನೆಗೆ 100% ಬಂತು. ಫೋಟೋ ತೆಗೆದಿದ್ದೇನೆ. ಅಮ್ಮ ನೋಡಿ "ಹೂಂ" ಅಂದರು.

#55 ಲೆಕ್ಕದಶೆಟ್ರು
ಭಲೇ!

#56 ಹಳೇಕ್ಯಾಸೆಟ್
ಬಾಚಣಿಗೆ ಸಮೇತ ಇಳಿದಿರಿ. ಅಭಿನಂದನೆ.

#57 ಕುಡ್ಲದಕುಟ್ಟಿ
ಸೂಪರ್ ಮಾರಾಯ್ರೆ! ಬ್ರಿನ್‌ಸ್ಟಾರ್ ಅಂತ ಮೊದಲು ಹೇಳಿದ್ದು ಯಾರು ಅಂತ ಎಲ್ಲರೂ ನೆನಪಿಡಿ.

#58 ಸುಮ್ನೆಓದೋಳು
ಪ್ರಾಣಿಗಳು?

#59 ಬೆಣ್ಣೆದೋಸೆ
ಅಯ್ಯೋ.